ಗೋಡೆಯಾಚೆ ಕೇಳಿಸಿದ ಪುಸ್ತಕ

ಹಳೆಯದನ್ನೇ ಇಟ್ಟುಕೊಳ್ಳಬೇಕು, ಅದರಲ್ಲಿ ಗಾಂಭೀರ್ಯ ಇದೆ. ಆದರೆ ಗಾಂಭೀರ್ಯಕ್ಕಾಗಿಯೇ ತಾನು ಇದನ್ನು ತಂದದ್ದೇ? ಹಾಗಾದರೆ ಹೊಸದು. ಹೊಸದರಲ್ಲಿ ಎಲ್ಲವೂ ತಿಳಿಯುತ್ತದೆ, ಎದುರಿಗೆ ಕುಳಿತವರು ಮಾತಾಡಿದ ಹಾಗೆ. ದೇವರ ಮಾತು ಅಷ್ಟು ಸಲೀಸಾಗಿ ತಿಳಿದರೆ ಅದರಲ್ಲಿ ಏನೋ ಸೋರಿಹೋಗಿರಬೇಕು. ಅಥವಾ ತಿಳಿದುಬಿಡುತ್ತದೆ ಎಂಬುದೇ ತನ್ನ ಭಯವೋ? ಹಳೆಯ ಕನ್ನಡದಲ್ಲಿ ಓದುವಾಗ ಪದವೀಧರನಾಗಿಯೇ ಉಳಿಯಬಹುದು, ಶಬ್ದಗಳನ್ನು ತೂಗಿ ನೋಡುತ್ತ ಕೂರಬಹುದು. ಹೊಸದು ಉತ್ತರ ಕೇಳುತ್ತದೆ.

ದೌಲತರಾಯ ಬಾವಿಯಿಂದ ಎರಡು ಕೊಡ ನೀರು ಸೇದುವಷ್ಟರಲ್ಲಿ ಎರಡು ಸಲ ಮನಸ್ಸು ಬದಲಿಸಿದ್ದ.

ಎರಡೂ ಬೈಬಲ್‌ಗಳನ್ನು ಕೊಟ್ಟವರು ಯಡ್ರಾಮಿಯ ಪಾದ್ರಿ. ಒಂದು ದಪ್ಪದ್ದು, ಹಳೆಯ ಅನುವಾದ. ಇನ್ನೊಂದು ಚಿಕ್ಕದು, ಈಚೆಗೆ ಆಡುಮಾತಿಗೆ ಹತ್ತಿರವಾಗಿ ಮಾಡಿದ್ದು. ‘ಎರಡೂ ಒಯ್ರಿ. ಯಾವುದು ನಿಮ್ಮದು ಅನಸ್ತದ ಅದನ್ನ ಇಟ್ಕೋರಿ, ಇನ್ನೊಂದು ತಿರುಗಿ ಕೊಡ್ರಿ’ ಎಂದಿದ್ದರು. ಮತ ಬದಲಿಸುವ ವಿಚಾರ ದೌಲತರಾಯನಿಗೆ ಇರಲಿಲ್ಲ. ಗುಲಬರ್ಗಾದ ಹಾಸ್ಟೆಲಿನಲ್ಲಿ ಜೊತೆಗಿದ್ದ ಹುಡುಗನೊಬ್ಬ ದಿನಾ ಬೆಳಿಗ್ಗೆ ಈ ಗ್ರಂಥ ಓದಿ, ಮುಚ್ಚಿ, ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದ. ಆ ಸುಮ್ಮನಿರುವಿಕೆಯಲ್ಲಿ ಏನಿತ್ತು ಎಂಬುದು ಇವನಿಗೆ ಬೇಕಾಗಿತ್ತು. ತನ್ನೂರು ಜೇವರ್ಗಿಯಲ್ಲಿ ಇದನ್ನು ಯಾರಿಗೂ ಹೇಳುವಂತಿರಲಿಲ್ಲ. ಎರಡಕ್ಕೂ ಹಳೆಯ ಕ್ಯಾಲೆಂಡರಿನ ಹಾಳೆಯ ಹೊದಿಕೆ ಹಾಕಿ ಟ್ರಂಕಿನಲ್ಲಿ ಅಂಗಿಗಳ ಕೆಳಗೆ ಇಟ್ಟಿದ್ದ. ಸಂಜೆ ಒಂದೇ ಪ್ರಸಂಗವನ್ನು ಎರಡರಲ್ಲೂ ಮೆಲ್ಲಗೆ ಬಾಯಿಬಿಟ್ಟು ಓದುತ್ತಿದ್ದ. ಕಿವಿಗೆ ಬೀಳದೆ ಭಾಷೆಯನ್ನು ಆರಿಸುವುದು ಹೇಗೆ?

ಇವತ್ತು ಮಾತ್ರ ಎರಡನ್ನೂ ಮನೆಯಿಂದ ಹೊರಗೆ ಸಾಗಿಸಬೇಕು. ತಂಗಿ ಶಿವಕಾಂತಾಳ ಸಂಬಂಧ ಗಟ್ಟಿಮಾಡಲು ಹುಡುಗನ ತಂದೆ, ಇಜೇರಿಯ ಕಲ್ಯಾಣಪ್ಪ ಬರುವವನಿದ್ದ. ಹಿಂದೊಮ್ಮೆ ಬೇರೊಂದು ಮನೆಯಲ್ಲಿ, ಹುಡುಗಿಯ ಅಣ್ಣ ಕೊರಳಲ್ಲಿ ಲಿಂಗ ಕಟ್ಟುವುದಿಲ್ಲವೆಂದು ತಿಳಿದು, ತಟ್ಟೆಯಲ್ಲಿಟ್ಟ ವೀಳ್ಯ ಮುಟ್ಟದೆ ಎದ್ದುಹೋದ ಮನುಷ್ಯ ಅವನು. ಶಿವಕಾಂತಾಳಿಗೆ ಈಗಾಗಲೇ ಒಂದು ಸಂಬಂಧ ತಪ್ಪಿತ್ತು. ಇದೂ ತಪ್ಪಿದರೆ ಊರು ಕಾರಣ ಹುಡುಕಲು ಶುರುಮಾಡುತ್ತದೆ.

ಕೊಡ ಇಳಿಸಿ ಕೋಣೆಗೆ ಹೋಗಿ ಟ್ರಂಕು ತೆಗೆದ. ದಪ್ಪದ್ದು ಇತ್ತು. ಚಿಕ್ಕದು ಇರಲಿಲ್ಲ.

ಅಂಗಿಗಳನ್ನೆಲ್ಲ ಹೊರಗೆ ಹಾಕಿ ನೋಡಿದ. ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು.

‘ಬರ್ರಿ ಅಜ್ಜಾರ, ಬರ್ರಿ ಬೀಗ್ರ’ ಎಂದಳು ಅವನ ತಾಯಿ ಗುರುಶಾಂತಮ್ಮ.

‘ಈಗs ಬೀಗ್ರು ಅನಬ್ಯಾಡ್ರಿ ಯವ್ವಾ’ ಎಂದು ಕಲ್ಯಾಣಪ್ಪ ನಕ್ಕ. ‘ಮೊದಲ ಚಾದಾಗ ಸಕ್ಕರಿ ಎಷ್ಟು ಹಾಕ್ತೀರಿ ನೋಡೂಣು.’

ದೌಲತರಾಯ ಪಡಸಾಲೆಗೆ ಬಂದ. ಮನೆತನದ ಗುರುಗಳಾದ ಅಯ್ಯನವರು ಆಗಲೇ ದೇವರ ಜಗಲಿಯ ಕೆಳಗೆ ಕಂಬಳಿಯ ಮೇಲೆ ಕುಳಿತಿದ್ದರು. ಅವರ ತಲೆಯ ಮೇಲೆ, ಜಗಲಿಯ ನಡುವೆ, ಕ್ಯಾಲೆಂಡರಿನ ಹೊದಿಕೆಯ ಚಿಕ್ಕ ಪುಸ್ತಕ ಇತ್ತು. ಅದರ ಮೇಲೆ ಮೂರು ಬೆರಳಿನ ವಿಭೂತಿ. ಒಂದು ಚೆಂಡುಹೂ.

ಶುಭದ ಮಾತು ಎತ್ತುವ ಮೊದಲು ಜಗಲಿಯ ಮೇಲಿನ ಗ್ರಂಥ ಇಳಿಸಿ ಮನೆಯವರೊಬ್ಬರು ಒಂದು ಪುಟ ಓದುವುದು ಆ ಮನೆಯ ಪದ್ಧತಿ. ತೀರಿಕೊಂಡ ತಂದೆಯ ವಚನದ ಪುಸ್ತಕ ಅಲ್ಲಿರುತ್ತಿತ್ತು.

ಅವನು ತಾಯಿಯನ್ನು ಅಡುಗೆಮನೆಯ ಬಾಗಿಲಿಗೆ ಕರೆದ. ‘ಅಪ್ಪನ ಪುಸ್ತಕ ಎಲ್ಲದವ್ವ?’

‘ಗೆದ್ಲ ತಿಂದಾವೋ. ನಿನ್ನೆ ನೋಡಿದ್ರ ಬರೇ ಮಣ್ಣು. ಖಾಲಿ ಜಗಲಿ ಬ್ಯಾಡಂತ ನಿಂದು ಇಟ್ಟೇನಿ. ನೀ ಒಳಗ ಓದ್ತಿದ್ದಿ, ನಾ ಗ್ವಾಡಿ ಈಚಿಗಿ ರೊಟ್ಟಿ ಬಡೀತ ಕೇಳ್ತಿದ್ದೆ. ಯಾವನೋ ಶರಣ, ಭಾಳ ಚಲೋ ಮನಶ್ಯಾ. ದಪ್ಪಂದು ಒಂದ ಮಾತೂ ತಿಳೀಲಿಲ್ಲ ನನಗ. ಇದು ತಿಳೀತು.’

‘ತಮ್ಮಾ, ನೀರು’ ಎಂದು ಪಡಸಾಲೆಯಿಂದ ಅಯ್ಯನವರು ಕರೆದರು.

ಅವನು ತಾಮ್ರದ ತಟ್ಟೆಯಲ್ಲಿ ಅವರ ಪಾದಗಳನ್ನಿಟ್ಟು ತೊಳೆದ. ಹಿಮ್ಮಡಿಯ ಬಿರುಕಿನಲ್ಲಿ ಮಣ್ಣು ಉಳಿದಿತ್ತು, ಹೆಬ್ಬೆರಳಿಂದ ತಿಕ್ಕಿ ತೆಗೆದ. ಒರೆಸಿದ. ಅವರು ಪುಸ್ತಕ ಇಳಿಸಿ ಅವನ ಕೈಗೆ ಕೊಟ್ಟರು.

‘ಓದು.’

ಪುಟ ತಾನಾಗಿಯೇ ತೆರೆದುಕೊಂಡಿತು. ಎರಡು ಅನುವಾದಗಳನ್ನು ಹೋಲಿಸಲು ಅವನು ಮತ್ತೆಮತ್ತೆ ತೆಗೆದಿದ್ದ ಪುಟ ಅದು. ಬೇರೆ ಪುಟ ಹುಡುಕೋಣವೆಂದರೆ ಕಲ್ಯಾಣಪ್ಪನ ಕಣ್ಣು ಅಲ್ಲೇ ಇತ್ತು. ದಪ್ಪದ್ದಾಗಿದ್ದರೆ, ಎಂದುಕೊಂಡ, ಆ ದೊಡ್ಡ ಕನ್ನಡದಲ್ಲಿ ಯಾವುದೋ ಪುರಾಣವೆಂದು ಯಾರೂ ಕಿವಿಗೊಡದೆ ಮುಗಿದುಹೋಗುತ್ತಿತ್ತು.

ಓದಿದ. ಹೆಸರು ಬಂದಲ್ಲೆಲ್ಲ ‘ಗುರು’ ಎಂದ. ಗುರು ಊಟದ ನಡುವೆ ಎದ್ದ. ಮೇಲಿನ ಬಟ್ಟೆ ತೆಗೆದಿಟ್ಟು ಸೊಂಟಕ್ಕೆ ಟವೆಲು ಸುತ್ತಿಕೊಂಡ. ಬೋಗುಣಿಯಲ್ಲಿ ನೀರು ಹಾಕಿಕೊಂಡು ಒಬ್ಬೊಬ್ಬ ಶಿಷ್ಯನ ಕಾಲನ್ನೂ ತೊಳೆದ. ಒಬ್ಬ ಶಿಷ್ಯ ಕಾಲು ಹಿಂದಕ್ಕೆ ಎಳೆದುಕೊಂಡು, ನೀವು ತೊಳೆಯಕೂಡದು ಎಂದ.

ತಾಮ್ರದ ತಟ್ಟೆಯ ನೀರು ಇನ್ನೂ ಅಲ್ಲಿಯೇ ಇತ್ತು. ಒಂದೊಂದು ಮಾತೂ ಎಲ್ಲರಿಗೂ ತಿಳಿಯುತ್ತಿತ್ತು.

‘ತಡೀರಿ’ ಎಂದ ಕಲ್ಯಾಣಪ್ಪ. ‘ಗುರು ಶಿಷ್ಯರ ಕಾಲು ತೊಳದ್ನಾ? ತಿರುವುಮುರುವು ಆತಲ್ಲೋ. ಯಾವ ಶರಣರ ಕಥಿ ಇದು?’

ದೌಲತರಾಯ ಬಾಯಿ ತೆರೆದ. ಸುಳ್ಳು ಹೆಸರೊಂದು ಹೇಳಬಹುದಿತ್ತು. ಬಾಗಿಲ ಹಿಂದೆ ಶಿವಕಾಂತಾಳ ಬಳೆ ಸದ್ದು ಮಾಡಿ ನಿಂತಿತು.

‘ಇಲ್ಲಿ ಕೊಡು’ ಎಂದರು ಅಯ್ಯನವರು.

ಅವರು ಪುಸ್ತಕವನ್ನು ಮುಖದ ಹತ್ತಿರ ಹಿಡಿದರು. ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ಒಂದು ಕಡೆ ನಿಂತಿತು. ಪುಟ ತಿರುವಿ ಮುಂದಿನದನ್ನೂ ನೋಡಿದರು. ದೌಲತರಾಯ ತನ್ನ ಒದ್ದೆ ಕೈಗಳನ್ನು ನೋಡುತ್ತ ಕುಳಿತ.

‘ಅಕ್ಷರ ಭಾಳ ಸಣ್ಣಾವ’ ಎಂದರು ಅಯ್ಯನವರು. ‘ನನ್ನ ಕಣ್ಣಿಗೆ ನಿಲುಕವಲ್ವು. ಕಲ್ಯಾಣಪ್ಪ, ವೀಳ್ಯ ತೊಗೋ. ಹೊತ್ತು ಮೀರಾಕತ್ತದ.’

ಅದಕ್ಕಿಂತ ಸಣ್ಣ ಅಕ್ಷರದ ಪಂಚಾಂಗ ನೋಡಿ ಆ ಹೊತ್ತನ್ನು ಅವರೇ ಇಟ್ಟುಕೊಟ್ಟಿದ್ದರು. ಕಲ್ಯಾಣಪ್ಪ ಒಂದು ಗಳಿಗೆ ಪುಸ್ತಕವನ್ನೂ ಗುರುವನ್ನೂ ನೋಡಿದ. ಆಮೇಲೆ ವೀಳ್ಯ ತೆಗೆದುಕೊಂಡ.

ಹೊರಡುವಾಗ ಅಂಗಳದಲ್ಲಿ ಅಯ್ಯನವರು ನಿಂತರು. ದೌಲತರಾಯ ಬಗ್ಗಿ ಅವರ ಚಪ್ಪಲಿ ತಿರುಗಿಸಿ ಇಡಲು ಹೋದ.

‘ಬ್ಯಾಡ’ ಎಂದರು. ‘ನಿಮ್ಮಪ್ಪಂದು ಹೊಸಾದೊಂದು ತರಿಸಿ ಜಗಲಿ ಮ್ಯಾಲ ಇಡು. ಇನ್ನೊಮ್ಮೆ ನಾ ಬಂದ್ರ ನನ್ನ ಪಾದ ನೀ ತೊಳಿಯೂದು ಬ್ಯಾಡ.’

ಅದು ಸಿಟ್ಟೋ, ಬೇರೆ ಏನೋ, ಮುಖದಲ್ಲಿ ಕಾಣಲಿಲ್ಲ. ಅವರು ತಾವೇ ಚಪ್ಪಲಿ ಮೆಟ್ಟಿ ನಡೆದರು. ಶಿವಕಾಂತಾಳ ಲಗ್ನಕ್ಕೆ ಬಂದರು, ಅಕ್ಷತೆ ಹಾಕಿದರು. ಮನೆಗೆ ಪಾದಪೂಜೆಗೆ ಮಾತ್ರ ಅಲ್ಲಿಂದ ಮುಂದೆ ತಮ್ಮನ ಮಗನನ್ನು ಕಳಿಸಿದರು. ‘ಅಜ್ಜಾರು ಯಾಕ ಬರವಲ್ಲರೋ, ನನ್ನಿಂದೇನರ ತಪ್ಪಾತೇನು?’ ಎಂದು ಗುರುಶಾಂತಮ್ಮ ಬಹಳ ದಿನ ಕೊರಗಿದಳು. ‘ನಿನ್ನಿಂದ ಏನಿಲ್ಲವ್ವ’ ಎನ್ನುವುದಷ್ಟೇ ಅವನಿಂದಾಗುತ್ತಿತ್ತು.

ಆ ವಾರವೇ ಬಸ್ಸಿನಲ್ಲಿ ಯಡ್ರಾಮಿಗೆ ಹೋಗಿ ದಪ್ಪದ್ದನ್ನು ಪಾದ್ರಿಗೆ ತಿರುಗಿ ಕೊಟ್ಟ.

‘ನೀವು ಇದನ್ನs ಇಟ್ಕೋತೀರಿ ಅಂದ್ಕೊಂಡಿದ್ದೆ’ ಎಂದರು ಅವರು.

‘ನಾನೂ ಹಂಗೇ ಅಂದ್ಕೊಂಡಿದ್ದೆ’ ಎಂದ.

ಸಂಜೆ ರೊಟ್ಟಿ ಬಡಿಯುವ ಸದ್ದು ಶುರುವಾದಾಗ ಅವನು ಕೋಣೆಯ ಗೋಡೆಗೆ ಒರಗಿ ಚಿಕ್ಕದನ್ನು ತೆರೆಯುತ್ತಿದ್ದ. ಈಗ ದನಿ ಸ್ವಲ್ಪ ಎತ್ತರಿಸಿ ಓದುತ್ತಿದ್ದ. ಕೆಲವು ಮಾತುಗಳಿಗೆ ಆಚೆ ಸದ್ದು ನಿಲ್ಲುತ್ತಿತ್ತು. ಓದು ಮುಗಿದ ಮೇಲೂ ಒಮ್ಮೊಮ್ಮೆ ಹಾಗೇ ನಿಂತಿರುತ್ತಿತ್ತು. ಗೋಡೆಯ ಎರಡೂ ಕಡೆ ಸುಮ್ಮನಿರುತ್ತಿತ್ತು.

‘ಆ ಗುರುಂದು ಯಾವೂರೋ?’ ಎಂದು ತಾಯಿ ಒಮ್ಮೆ ಕೇಳಿದಳು.

‘ದೂರದ್ದವ್ವ.’

ಅವಳು ಇರುವತನಕ ಅವನು ಓದಿದ. ಆ ಗುರುವಿನ ಹೆಸರನ್ನು ಮಾತ್ರ ಅವಳಿಗೆ ಎಂದೂ ಹೇಳಲಿಲ್ಲ.