ಅಕ್ಕನ ಪಾಠಕ್ಕೆ ನನ್ನ ಗಂಟಲು

ಮರುದಿನ ಬೆಳಿಗ್ಗೆ ಅಕ್ಕನ ಗಂಟಲಿಗೆ ಆಪರೇಷನ್. ಆಮೇಲೆ ದನಿ ಮೊದಲಿನಂತೆ ಬರುವುದಿಲ್ಲ ಎಂದು ಡಾಕ್ಟರು ಮುಖಕ್ಕೇ ಹೇಳಿದ್ದರು. ಅವಳ ಚಿಂತೆಯೇ ಬೇರೆ. ಅವಳ ಹತ್ತಿರ ಇಂಗ್ಲಿಷ್ ಕಲಿಯುವ ನರ್ಸುಗಳಿಗೆ ಮುಂದಿನ ವಾರ ಮಾತಿನ ಪರೀಕ್ಷೆ. ಪಾಸಾದರೆ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ. ಉಳಿದ ಒಂದು ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಲೇಬೇಕೆಂದು ಹಟ ಹಿಡಿದಳು.

ನಾನು ಸೈಕಲ್ ರಿಪೇರಿಯವನು. ಅಂಗಡಿ ಮುಚ್ಚಿ ಅಕ್ಕನ ಮನೆಗೆ ಬಂದು, ಸದ್ದು ಒಳಗೆ ಬರದಂತೆ ಕಿಟಕಿಗೆ ಕಂಬಳಿ ಕಟ್ಟಿದೆ, ಫ್ಯಾನ್ ನಿಲ್ಲಿಸಿದೆ, ಕುಕ್ಕರ್ ಇಡಬೇಡಿ ಎಂದು ಭಾವನಿಗೆ ಹೇಳಿದೆ. ಸೆಖೆಗೆ ಬೆವರು ಇಳಿಯುತ್ತಿತ್ತು.

ಪಾಠ ಇಷ್ಟೇ. ಇಂಗ್ಲಿಷಿನಲ್ಲಿ ಒಂದು ಪದಕ್ಕೆ ಬಾಲ ಅಂಟಿಸಿದರೆ ಅದು ಗುಣ ಹೇಳುವ ಪದವಾಗುತ್ತದೆ. ‘ಪೇನ್’ ಎಂದರೆ ನೋವು. ಅದಕ್ಕೆ ‘ಫುಲ್’ ಅಂಟಿಸಿದರೆ ‘ಪೇನ್‌ಫುಲ್’. ಉಚ್ಚಾರದ ತುಂಡು ಒಂದಿದ್ದದ್ದು ಎರಡಾಯಿತು, ಒತ್ತು, ಅಂದರೆ ಜೋರಾಗಿ ಹೇಳುವ ಜಾಗ, ಮಾತ್ರ ಇದ್ದಲ್ಲೇ ಇದೆ. ‘ಇಕ್’ ಅಂಥ ಸಾಧು ಬಾಲವಲ್ಲ. ಅದು ಒತ್ತನ್ನು ಎಳೆದು ತಂದು ತನಗಿಂತ ಮುಂಚಿನ ತುಂಡಿನ ಮೇಲೆ ಕೂರಿಸುತ್ತದೆ. ‘ಅಲರ್ಜಿ’ಯಲ್ಲಿ ಮೊದಲ ‘ಅ’ ಜೋರು. ‘ಅಲರ್ಜಿಕ್’ ಆದ ಕೂಡಲೇ ಅದು ಮೆತ್ತಗಾಗಿ ‘ಲರ್’ ಜೋರಾಗುತ್ತದೆ.

ಇಷ್ಟು ಹೇಳಲು ಅಕ್ಕನಿಗೆ ಒಂದು ಗಂಟೆ ಹಿಡಿಯಿತು. ಚೆನ್ನಾಗಿ ಹೇಳಿದ್ದನ್ನೂ ಸರಿಯಿಲ್ಲವೆಂದು ಅಳಿಸುವುದು, ಮತ್ತೆ ಹೇಳುವುದು. ಇದ್ದ ದನಿಯನ್ನೆಲ್ಲ ಹೀಗೆ ಹಾಳು ಮಾಡುತ್ತಾಳಲ್ಲ ಎಂದು ನನಗೆ ಮೈ ಉರಿಯಿತು. ಎಲ್ಲಿ ಒತ್ತಿದರೇನು, ಮದ್ದು ಸರಿಯಾಗಿ ಕೊಟ್ಟರೆ ಸಾಲದೇ ಎಂದು ರೇಗಿದೆ. ಪರೀಕ್ಷೆ ಮಾಡುವವರಿಗೆ ಪದ ಅರ್ಥವಾಗದಿದ್ದರೆ ಆ ಹುಡುಗಿಯರಿಗೆ ಮದ್ದು ಕೊಡುವ ಕೆಲಸವೇ ಸಿಗುವುದಿಲ್ಲ ಎಂದಳು.

ರೋಗಲಕ್ಷಣಕ್ಕೆ ಹೇಳುವ ‘ಸಿಂಪ್ಟಮ್’ ಎಂಬ ಪದಕ್ಕೆ ಬರುವಷ್ಟರಲ್ಲಿ ಅವಳ ದನಿ ಹೋಯಿತು. ಬಾಯಿ ತೆರೆದರೆ ಬರೀ ಗಾಳಿ. ಭಾವ ಬಿಸಿನೀರು ಕೊಟ್ಟರು. ಕುಡಿದಳು, ಪ್ರಯೋಜನವಾಗಲಿಲ್ಲ. ಅಕ್ಕ ಸುಲಭಕ್ಕೆ ಅಳುವವಳಲ್ಲ. ಅತ್ತಳು.

"ಮಿಕ್ಕಿದ್ದು ನೀನೇ ಹೇಳಿಬಿಡಪ್ಪ," ಎಂದರು ಭಾವ.

"ನನ್ನ ಇಂಗ್ಲಿಷ್ ಕೇಳಿದ್ರೆ ಅವರು ಆಸ್ಪತ್ರೆ ಸೇರೋದು ಗ್ಯಾರಂಟಿ ಭಾವ, ರೋಗಿಗಳಾಗಿ."

ಅಕ್ಕ ನಗಲಿಲ್ಲ. ರೆಕಾರ್ಡ್ ಶುರು ಮಾಡಿ ಫೋನನ್ನು ನನ್ನ ಮುಂದೆ ತಳ್ಳಿದಳು. ಆ ಪದಕ್ಕೆ ‘ಇಕ್’ ಬಾಲ ಬಂದ ರೂಪ ‘ಸಿಂಪ್ಟಮ್ಯಾಟಿಕ್’ ಎಂದೆ, ‘ಸಿಂಪ್’ ಅನ್ನು ಸುತ್ತಿಗೆಯಲ್ಲಿ ಹೊಡೆದಂತೆ ಒತ್ತಿ. ತಲೆ ಅಲ್ಲಾಡಿಸಿದಳು. ಮತ್ತೆ ಹೇಳುವಾಗ ‘ಟಿಕ್’ ಒತ್ತಿದೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ನಾನು ಒಂದೊಂದೇ ತುಂಡು ಹೇಳುತ್ತಾ ‘ಮ್ಯಾ’ಗೆ ಬಂದಾಗ ಗಟ್ಟಿಯಾಗಿ ಹಿಂಡಿದಳು. ಉಗುರು ನಾಟಿ, ‘ಮ್ಯಾ’ ತಾನಾಗಿ ಜೋರಾಯಿತು. ಅದೇ ಸರಿ.

ಉಳಿದ ಪದಗಳನ್ನೂ ಹೀಗೇ ಮುಗಿಸಿದೆವು. ನನ್ನ ತಪ್ಪುಗಳನ್ನು ಅಳಿಸಲು ಹೋದರೆ ಅವಳು ಕೈ ಅಡ್ಡ ಹಿಡಿದು, ಎಲ್ಲವನ್ನೂ ಹಾಗೆಯೇ ಕಳಿಸಿದಳು.

ಸ್ವಲ್ಪ ಹೊತ್ತಿಗೆ ಫೋನಿಗೆ ಒಬ್ಬ ನರ್ಸ್ ರೆಕಾರ್ಡ್ ಮಾಡಿ ಕಳಿಸಿದ ದನಿ ಬಂತು. "ಟೀಚರ್, ಆ ಅಣ್ಣ ಮಾಡಿದ ತಪ್ಪನ್ನೇ ನಾನೂ ಮಾಡ್ತಿದ್ದೆ." ಆಮೇಲೆ ಅವಳು ಆ ಪದ ಹೇಳಿದಳು, ‘ಮ್ಯಾ’ ಮೇಲೆ ಭಾರ ಹಾಕಿ.

ಅಕ್ಕ ಅದನ್ನು ಇನ್ನೊಮ್ಮೆ ಕೇಳಿ, ಆಸ್ಪತ್ರೆಗೆ ಬಟ್ಟೆ ಜೋಡಿಸಿಕೊಳ್ಳಲು ಎದ್ದಳು.