ಕೇಳಿಸಿಕೊಳ್ಳುವ ಮೇಷ್ಟ್ರು

ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಯುದ್ಧಕಾಲದ ಬಸ್ಸು ತಡವಾಗಿತ್ತು. ಕೊಣನೂರಿನಿಂದ ಅಣ್ಣ ಗಂಗಾಧರಯ್ಯನ ಜೊತೆ ಗಂಗಾಂಬಿಕೆ ಹೊಳೆನರಸೀಪುರದ ಮನೆ ಸೇರುವ ಹೊತ್ತಿಗೆ ಗಂಡ ಪಂಚಾಕ್ಷರಯ್ಯನವರನ್ನು ಗೋಡೆಗೆ ಒರಗಿಸಿ ಕೂರಿಸಿ ಹಣೆಗೆ ವಿಭೂತಿ ಬಳಿಯುತ್ತಿದ್ದರು. ಹಿಂದಿನ ಸಂಜೆ ಶಾಲೆಯಿಂದ ಬಂದವರು ಎದೆ ಹಿಡಿದುಕೊಂಡು ಕೂತಲ್ಲೇ ಹೋಗಿದ್ದರಂತೆ.

ಗಂಡನನ್ನು ಬಿಟ್ಟು ತವರು ಸೇರಿದ್ದವಳಿಗೆ ಜನ ಸರಿದು ದಾರಿ ಕೊಟ್ಟರು. ಯಾರೂ ಕೈ ಹಿಡಿಯಲಿಲ್ಲ. ಅವಳು ಪಕ್ಕದಲ್ಲಿ ಕೂತಳು. ಅಳು ಬರಲಿಲ್ಲ. ಬಂದವರೆಲ್ಲ ಮೇಷ್ಟ್ರ ತಾಳ್ಮೆಯನ್ನೇ ನೆನೆಯುತ್ತಿದ್ದರು. ತೊದಲುತ್ತಿದ್ದ ತನ್ನ ಮಗನನ್ನು ಒಂದೇಟೂ ಹೊಡೆಯದೆ ಮಾತಿಗೆ ತಂದರು ಎಂದು ಒಬ್ಬ ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಬಾಗಿಲ ಬಳಿ ಗುಸುಗುಸು ಎದ್ದಿತು. ಪುಟ್ಟತಾಯಮ್ಮ ಬಂದು ನಿಂತಿದ್ದಳು.

"ಅವಳನ್ನ ಒಳಕ್ಕೆ ಬಿಡಬೇಡಿ," ಎಂದ ಮೈದುನ ಚಂದ್ರಶೇಖರಯ್ಯ.

*

ಪಂಚಾಕ್ಷರಯ್ಯ ಮೈಸೂರಿನ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿ ಬಂದವರು. ವಿಯನ್ನಾದ ಫ್ರಾಯ್ಡ್ ಎಂಬ ವೈದ್ಯರ ವಿಚಾರ ಬಂತೆಂದರೆ ಅವರಿಗೆ ಊಟದ ನೆನಪೂ ಇರುತ್ತಿರಲಿಲ್ಲ. ಒಳಗೆ ಅದುಮಿಟ್ಟ ಸಂಕಟವೇ ಮೈಯ ಕಾಯಿಲೆಯಾಗಿ ಕಾಣಿಸಿಕೊಳ್ಳಬಹುದು, ಅದು ಮಾತಾಗಿ ಹೊರಬಂದರೆ ರೋಗಿ ಹಗುರಾಗುತ್ತಾನೆ ಎಂದು ಆತ ಹೇಳಿದ್ದರಂತೆ. ಗಂಗಾಂಬಿಕೆ ಒಗ್ಗರಣೆ ಹಾಕುತ್ತಾ ಹೂಂಗುಟ್ಟುತ್ತಿದ್ದಳು. ಮಗ ಶಿವು ಜ್ವರದಲ್ಲಿ ತೀರಿಕೊಂಡ ಮೇಲೆ ಅದೂ ನಿಂತಿತು. ಅವರು ಮಗನ ಮಾತೆತ್ತಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು.

ಪಕ್ಕದ ಬೀದಿಯ ದೊಡ್ಡಯ್ಯನೆಂಬವನ ಸೊಸೆ ಪುಟ್ಟತಾಯಮ್ಮನಿಗೆ ದೆವ್ವ ಹಿಡಿದಿದೆಯೆಂದು ಊರು ಹೇಳಿದ್ದು ಆಗಲೇ. ಕೂಸು ಹೇಮಾವತಿ ಹೊಳೆಯ ಪಾಲಾದ ದಿನದಿಂದ ಅವಳ ಬಾಯಿ ಕಟ್ಟಿತ್ತು. ಹುಣಸೆ ಬರಲಿನಿಂದ ಹೊಡೆಯುತ್ತಿದ್ದ ಮಂತ್ರವಾದಿಯನ್ನು ಮೇಷ್ಟ್ರು ತಡೆದರು. ದಿನಾ ಸಂಜೆ ಅವಳನ್ನು ತಮ್ಮ ಜಗಲಿಯ ಮೇಲೆ ಕೂರಿಸಿಕೊಂಡು ಸುಮ್ಮನೆ ಕಾದರು. ಕೊನೆಗೊಂದು ದಿನ ಅವಳು ಬಾಯಿಬಿಟ್ಟಳು. ಊರೂ ಬಾಯಿಬಿಟ್ಟಿತು; ಮೇಷ್ಟ್ರಿಗೂ ಅವಳಿಗೂ ಸಂಬಂಧ ಕಟ್ಟಿತು. ಆ ಮಾತು ಕೇಳಲಾರದೆ ಗಂಗಾಂಬಿಕೆ ಕೊಣನೂರಿಗೆ ಹೊರಟುಹೋದಳು. ಕರೆಯಲು ಬಂದ ಮೇಷ್ಟ್ರು ಅಣ್ಣನ ಮನೆಯ ಜಗಲಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತಿದ್ದರು. ಅವಳು ಹೊರಗೆ ಬರಲಿಲ್ಲ.

*

"ಬರ್ಲಿ ಬಿಡಿ," ಎಂದಳು ಗಂಗಾಂಬಿಕೆ.

ಪುಟ್ಟತಾಯಮ್ಮ ಮೇಷ್ಟ್ರ ಪಾದದ ಬಳಿ ಬಿಲ್ವಪತ್ರೆ ಇಟ್ಟು ಹಿಂದೆ ಸರಿದು ಕೂತಳು. ವರ್ಷಗಟ್ಟಲೆ ಒಳಗೇ ಕೊರೆದದ್ದನ್ನು ಗಂಗಾಂಬಿಕೆ ಕೇಳಿಯೇಬಿಟ್ಟಳು. "ನಿನ್ನತ್ರ ಅಷ್ಟೊತ್ತು ಏನ್ ಮಾತಾಡೋರು?"

"ಅವ್ರೇನೂ ಆಡ್ತಿರ್ನಿಲ್ಲ ಕಣವ್ವ. ನಾನು ನನ್ ಮಗೀನ ಸುದ್ದಿ ಯೋಳ್ತಿದ್ದೆ, ಅವ್ರು ಕೇಳೋರು." ಅವಳೇ ಮುಂದುವರಿಸಿದಳು. "ನಿಮ್ ಮಗಾನೂ ಓಯ್ತಂತಲ್ಲ ಸಾ, ಅಂತ ಒಂದ್ಸಲ ನಾನೇ ಕೇಳ್ದೆ. ಅದನ್ನ ಅವನವ್ವನ ಜೊತೇಲೇ ಆಡ್ಬೇಕು ಕಣಮ್ಮ, ಅಂದ್ರು."

ಗಂಗಾಂಬಿಕೆ ಸರಿದು ಅವಳಿಗೆ ತನ್ನ ಪಕ್ಕದಲ್ಲಿ ಜಾಗ ಮಾಡಿದಳು.

ಮಧ್ಯಾಹ್ನ ಎಲ್ಲರೂ ಸಮಾಧಿಗೆ ಹಿಡಿ ಮಣ್ಣು ಹಾಕಿ, ಹೊಳೆಯಲ್ಲಿ ಮುಳುಗೆದ್ದು ಮನೆಗಳತ್ತ ನಡೆದರು. ಬಸ್ಸಿನ ಹೊತ್ತಾಯಿತೆಂದು ಗಂಗಾಧರಯ್ಯ ಕರೆದ. ಗಂಗಾಂಬಿಕೆ ಹೊರಡಲಿಲ್ಲ. ಸಮಾಧಿಯ ಗುಡ್ಡೆಯ ಪಕ್ಕ ಕೂತು ಹಸಿಮಣ್ಣಿನ ಮೇಲೆ ಅಂಗೈಯಿಟ್ಟಳು.

"ಆವತ್ತು ಶಿವು ನೀರು ಕೇಳ್ದ," ಎಂದು ಶುರುಮಾಡಿದಳು. "ಔಷಧಿ ಕೊಡ್ತಿದ್ದ ಪಂಡಿತರು ಕೊಡಬ್ಯಾಡಿ ಅಂದಿದ್ರು. ನಾನು ಕೊಡ್ಲಿಲ್ಲ."

ಅಣ್ಣ ಕೊಡೆ ಬಿಚ್ಚಿಕೊಂಡು ದಾರಿಯಲ್ಲೇ ನಿಂತ. ಅತ್ತ ಪುಟ್ಟತಾಯಮ್ಮ, ಹೂವಿನ ಆಸೆಗೆ ಗುಡ್ಡೆಯತ್ತ ಬರುತ್ತಿದ್ದ ಮೇಕೆಗಳನ್ನು ಸದ್ದು ಮಾಡದೆ, ಸೆರಗು ಬೀಸಿ ಬೀಸಿ ಅಟ್ಟುತ್ತಿದ್ದಳು.