ಚನ್ನವ್ವನ ಕಣ್ಣಿಗೆ ಗಜ್ಜರಿ

ಗಜ್ಜರಿಯ ಮೇಲೆ ನಿಜಗುಣಪ್ಪನಿಗಿದ್ದಷ್ಟು ನಂಬಿಕೆ ದೇವರ ಮೇಲಾದರೂ ಇತ್ತೋ ಇಲ್ಲವೋ. ನವಿಲುತೀರ್ಥದ ಕಾಲುವೆ ನೀರು ಹಾಯುವ ಹೊಲದಲ್ಲಿ ಪ್ರತಿ ಚಳಿಗಾಲ, ಪೇಟೆಯವರು ಕ್ಯಾರೆಟ್ ಎನ್ನುವ ಅದನ್ನೇ ಬೆಳೆಯುತ್ತಿದ್ದ. ಮುನವಳ್ಳಿ ಸಂತೆಯಲ್ಲಿ ಕುಳಿತರೆ, ಗಜ್ಜರಿ ತಿಂದವರಿಗೆ ಚಾಳೀಸಿನ ಕನ್ನಡಕ ಬೇಡ ಎಂದು ಕೂಗಿ ಮಾರುತ್ತಿದ್ದ. ಮಾರುವವನೇ ತನ್ನ ಕೂಗನ್ನು ನಂಬಿಬಿಟ್ಟರೆ ಅವನಿಗೆ ಬುದ್ಧಿ ಹೇಳುವವರು ಯಾರು?

ಹೋದ ವರ್ಷ ಹೆಂಡತಿ ಚನ್ನವ್ವ, ಎಡಗಣ್ಣಿಗೆ ಮಂಜು ಕವಿದಂತೆ ಆಗುತ್ತದೆ ಎಂದಳು. ನೇಸರಗಿಗೆ ಕೊಟ್ಟಿದ್ದ ಮಗಳು ನಾಗರತ್ನಾ, ದವಾಖಾನೆಗೆ ತೋರಿಸಿರಿ ಎಂದು ಫೋನಿನಲ್ಲಿ ಹಟ ಹಿಡಿದಳು. ಹೊಲದಲ್ಲೇ ಮದ್ದಿರುವಾಗ ಊರೂರು ಯಾಕೆ ಅಲೆಯಬೇಕು ಎಂದು ನಿಜಗುಣಪ್ಪ ಅವಳ ಬಾಯಿ ಮುಚ್ಚಿಸಿದ. ಅಂದಿನಿಂದ ಎಳೆಯ, ಸಿಹಿ ಗಜ್ಜರಿಯನ್ನೇ ಆರಿಸಿ ಕಿತ್ತು, ತೊಳೆದು, ಧೋತರದಲ್ಲಿ ಒರೆಸಿ ಚನ್ನವ್ವನ ಕೈಗಿಡುತ್ತಿದ್ದ. ಹೊಲದ್ದು ಮುಗಿದ ಮೇಲೆ ಬೈಲಹೊಂಗಲದ ಪೇಟೆಯಿಂದ ತಂದ. ರೊಟ್ಟಿಯ ಜೊತೆಗೂ ಗಜ್ಜರಿ, ರೊಟ್ಟಿಯಾದ ಮೇಲೂ ಗಜ್ಜರಿ. ಈಗ ಹೇಗೆ ಕಾಣುತ್ತದೆ ಎಂದು ಕೇಳಿದಾಗಲೆಲ್ಲ ಅವಳು, ಮೊದಲಿಗಿಂತ ಚಲೋ ಎನ್ನುತ್ತಿದ್ದಳು. ಅವನು ಅದನ್ನು ಸಂತೆಯಲ್ಲೂ ಸಾರಿಕೊಂಡು ಬಂದ.

ಈ ಸಲ ಎಳ್ಳ ಅಮಾವಾಸ್ಯೆಗೆ ಇಬ್ಬರೂ ಚರಗ ಚೆಲ್ಲಲು ಹೊಲಕ್ಕೆ ಹೋದರು. ಭೂಮಿತಾಯಿಗೆ ಉಣಿಸುವ ದಿನ. ಅವನು ಬೆಳೆಯ ಮೇಲೆ ಅಡುಗೆ ತೂರುತ್ತ ಮುಂದೆ ನಡೆದ, ಅವಳು ತಂಬಿಗೆಯ ನೀರು ಚಿಮುಕಿಸುತ್ತ ಹಿಂದೆ ಬಂದಳು. ಮದುವೆಯಾಗಿ ಬಂದಾಗಿನಿಂದ ನಡೆದ ಬದು ಅದು. ಎಡಕ್ಕೇ ಕಾಲುವೆ. ಚನ್ನವ್ವ ನೆಲದ ಮೇಲೆ ಇಟ್ಟಂತೆ ನೀರಿನ ಮೇಲೆ ಕಾಲಿಟ್ಟು ಬಿದ್ದಳು. ಎತ್ತಿ ಕೂರಿಸಿದ ನಿಜಗುಣಪ್ಪ ಏನೋ ಹೊಳೆದಂತಾಗಿ ಅವಳ ಬಲಗಣ್ಣು ಮುಚ್ಚಿ, ಎಡಗಣ್ಣಿನ ಮುಂದೆ ಕೈ ಆಡಿಸಿದ. ರೆಪ್ಪೆ ಮಿಟುಕಲಿಲ್ಲ.

ಸವದತ್ತಿಯಲ್ಲಿ ಕಣ್ಣಿನ ಡಾಕ್ಟರು ಪದ್ಮಜಾ ಬಹಳ ಹೊತ್ತು ಪರೀಕ್ಷಿಸಿದರು. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ಎಡಗಣ್ಣಿನ ನರ ಸತ್ತಿದೆ, ಹೋದ ದೃಷ್ಟಿ ಮರಳಿ ಬರುವುದಿಲ್ಲ. ಬಲಗಣ್ಣಿಗೂ ಅದೇ ರೋಗ ಶುರುವಾಗಿದೆ, ದಿನವೂ ತಪ್ಪದೆ ಹನಿ ಹಾಕಿದರೆ ಉಳಿಯಬಹುದು ಎಂದರು. ನಿಜಗುಣಪ್ಪ ತಡವರಿಸುತ್ತ ಗಜ್ಜರಿಯ ಮಾತೆತ್ತಿದ. ಗಜ್ಜರಿ ಒಳ್ಳೆಯದೇ, ಮೈಯಲ್ಲಿ ಸತ್ವ ಕಡಿಮೆಯಾಗಿ ಇರುಳುಗುರುಡು ಬಂದವರಿಗೆ ಅದರಿಂದ ಉಪಯೋಗವೂ ಉಂಟು, ಆದರೆ ಈ ರೋಗಕ್ಕೆ ಅದು ಮದ್ದಲ್ಲ ಎಂದರು ಡಾಕ್ಟರು. ಮೊದಲೇ ಬಂದಿದ್ದರೆ ಎಂದು ಶುರುಮಾಡಿ, ಅವನ ಮುಖ ನೋಡಿ, ಹನಿಯ ಚೀಟಿ ಬರೆದುಕೊಟ್ಟರು.

ಹೊರಗೆ ಬೆಂಚಿನ ಮೇಲೆ ಕುಳಿತಾಗ ಅವನು ಕೇಳಿದ, “ಚಲೋ ಕಾಣತೈತಿ ಅಂತ ಯಾಕ ಅಂದಿ?”

“ನೀವು ಅಷ್ಟು ಅಕ್ಕರತಿಲೆ ತಂದು ಕೊಡತಿದ್ರಿ. ಇಲ್ಲ ಅನ್ನಾಕ ಬಾಯಿ ಬರಲಿಲ್ಲ.”

ಅವನಿಗೆ ಕೆಂಡದಂಥ ಸಿಟ್ಟು ಬಂತು. ಯಾರ ಮೇಲೆ ಎಂದು ನೋಡಿದರೆ ತನ್ನ ಮೇಲೆಯೇ. ಹೌದು ಎನ್ನಲಿ ಎಂದೇ ಅವನು ಪ್ರತಿ ಸಲ ಕೇಳಿದ್ದ. ಅವಳಿಗೆ ಅದು ತಿಳಿದಿತ್ತು. ಅವನು ಮುಖ ತಿರುಗಿಸಿಕೊಂಡು ಅತ್ತ.

ನರ್ಸು ಹನಿ ಹಾಕುವ ರೀತಿ ತೋರಿಸಿ, ಈಗ ನೀವೇ ಹಾಕಿ ಎಂದು ಬಾಟಲಿಯನ್ನು ಅವನ ಕೈಗೆ ಕೊಟ್ಟಳು. ಚನ್ನವ್ವ ತಲೆ ಹಿಂದಕ್ಕೆ ವಾಲಿಸಿ ಬಲಗಣ್ಣು ತೆರೆದಳು. ಹನಿ ಜಾರಿತು.

“ಒಳಗ ಬಿತ್ತೇನು?”

“ಹೂಂ, ಬಿತ್ರಿ,” ಎಂದಳು ರೂಢಿಯಂತೆ. ಆಮೇಲೆ ಅವನ ಮುಂಗೈ ಹಿಡಿದುಕೊಂಡಳು. “ಇಲ್ರಿ. ಗಲ್ಲದ ಮ್ಯಾಲ ಬಿತ್ತು. ಮತ್ತೊಂದು ಹಾಕ್ರಿ.”